ಕರೆದರೆ ಕೇಳುವಷ್ಟು ದೂರ

ಜೀರಹಳ್ಳಿ,
೧೨-೭-೨೦೨೪, ಶುಕ್ರವಾರ

ಪ್ರೀತಿಯ ಪದ್ದೀ,

ನಿನಗೆ, ಅಳಿಯಂದಿರಿಗೆ, ಮಗುವಿಗೆ ನಿನ್ನ ಅವ್ವನ ಆಶೀರ್ವಾದ. ಹೇಗಿದ್ದೀಯ? ಮಗುವಿನ ಕೆಮ್ಮು ನಿಂತಿತೇ? ಕೊಯಮತ್ತೂರಿನ ನೀರು ಅವಳಿಗೆ ಒಗ್ಗುವುದಿಲ್ಲ ಎಂದು ನಾನು ಮೊದಲಿಂದ ಹೇಳುತ್ತಿದ್ದೇನೆ, ನೀನು ನಗುತ್ತೀಯ. ಕಾಯಿಸಿ ಆರಿಸಿಯೇ ಕೊಡು. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಎರಡು ಹನಿ ಜೇನು ಹಾಕಿ ನೆಕ್ಕಿಸು, ಕುಂಡದಲ್ಲಿರುವ ಗಿಡ ನೋಡಲಿಕ್ಕೆ ಮಾತ್ರ ಅಲ್ಲ. ಅಳಿಯಂದಿರ ಸೊಂಟನೋವು ಹೇಗಿದೆ? ದಿನವಿಡೀ ಬಗ್ಗಿಕೊಂಡು ಮೋಟಾರು ರಿಪೇರಿ ಮಾಡಿದರೆ ಸೊಂಟ ತಾನೇ ಏನು ಮಾಡೀತು, ಪಾಪ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿಮ್ಮಪ್ಪನ ಮಟ್ಟಿಗೆ ಅದು ಸತ್ಯ. ಎರಡು ಹೊತ್ತೂ ಮುದ್ದೆ ಉಣ್ಣುತ್ತಾರೆ, ಬಿಪಿ ಇಲ್ಲ, ಶುಗರ್ ಇಲ್ಲ, ಕನ್ನಡಕವಿಲ್ಲದೆ ಪಂಚಾಂಗ ಓದುತ್ತಾರೆ. ನನ್ನ ವಿಷಯ ಮುಂದೆ ಬರೆಯುತ್ತೇನೆ.

ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುವಾಗ ಕಾಗದವೇಕೆ ಬಂತು ಎಂದು ಗಾಬರಿಯಾಗಬೇಡ. ಅಥವಾ ಆಗು, ಸ್ವಲ್ಪ ಆಗುವುದೇ ಒಳ್ಳೆಯದು. ನಮ್ಮ ಮನೆಯಲ್ಲಿ ಸಿಗ್ನಲ್ಲು ಸಿಗುವುದು ಜಗುಲಿಯ ಮೂಲೆಯಲ್ಲಿ ಮಾತ್ರ, ಅಲ್ಲಿ ನಿಮ್ಮಪ್ಪನ ಮಂಚ. ಫೋನು ಅವರ ತಲೆದಿಂಬಿನ ಕೆಳಗೆ. ನೀನು ಕರೆ ಮಾಡಿದಾಗಲೆಲ್ಲ ಸ್ಪೀಕರ್ ಹಾಕಿಯೇ ನನ್ನ ಕೈಗೆ ಕೊಡುತ್ತಾರೆ. ನೀನು ಹೇಗಿದ್ದೀಯವ್ವಾ ಎಂದರೆ ನಾನು ಬಾಯಿ ತೆರೆಯುವ ಮೊದಲೇ ಅವರು ‘ಚೆನ್ನಾಗವ್ಳೆ ಕಣವ್ವ’ ಅನ್ನುತ್ತಾರೆ. ಈಗ ಅವರು ಹಿತ್ತಿಲಲ್ಲಿ ದನಕ್ಕೆ ನೀರು ತೋರಿಸುತ್ತಿದ್ದಾರೆ. ನಾನು ಅಡುಗೆಮನೆಯಲ್ಲಿ ರಾಗಿ ಡಬ್ಬದ ಮೇಲೆ ನಿನ್ನ ಹಳೆಯ ನೋಟುಪುಸ್ತಕದ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದ ಕಡೆ ಹೊಂದಿಸಿಕೊಂಡು ಓದು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಒಂದೇ ಉಸಿರಿಗೆ ಬರೆದುಬಿಡುತ್ತೇನೆ. ನನ್ನ ಎಡ ಎದೆಯಲ್ಲಿ ಒಂದು ಗಂಟು ಇದೆ. ಯುಗಾದಿಯ ಹಿಂದಿನ ದಿನ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಹುಣಸೆಬೀಜದಷ್ಟಿತ್ತು, ನೋವಿರಲಿಲ್ಲ, ಹೋಗುತ್ತದೆ ಬಿಡು ಎಂದುಕೊಂಡೆ. ಹೋಗಲಿಲ್ಲ. ಕಳೆದ ತಿಂಗಳು ಇಪ್ಪತ್ತೆರಡನೇ ತಾರೀಕು ಇಲ್ಲಿನ ಸ್ಕೂಲಿನಲ್ಲಿ ಹೆಂಗಸರಿಗೆಂದು ಡಾಕ್ಟರ ಕ್ಯಾಂಪು ನಡೆಯಿತು. ಸಕ್ಕರೆ ತರುತ್ತೇನೆ ಎಂದು ಸುಳ್ಳು ಹೇಳಿ ರೇಷನ್ ಕಾರ್ಡು ಹಿಡಿದುಕೊಂಡು ಪರಿಮಳನ ಜೊತೆ ಹೋದೆ. ಪರಿಮಳ ಗೊತ್ತಲ್ಲ, ನಮ್ಮ ಹೊಲಕ್ಕೆ ಕೆಲಸಕ್ಕೆ ಬರುವ ರಾಚನ ಸೊಸೆ, ತರಕಾರಿ ಗಾಡಿ ಓಡಿಸುವ ಮಣಿಕಂಠನ ಹೆಂಡತಿ. ಈ ವಿಷಯ ಗೊತ್ತಿರುವುದು ಅವಳೊಬ್ಬಳಿಗೇ. ಡಾಕ್ಟರಮ್ಮ ತಮಿಳಿನವರು, ನಿನಗಿಂತ ಚಿಕ್ಕವರು. ಮುಟ್ಟಿ ನೋಡುವಾಗ ಅವರು ಮಾತು ನಿಲ್ಲಿಸಿದರು, ಅಲ್ಲಿಗೇ ನನಗೆ ಅರ್ಧ ತಿಳಿಯಿತು. ಒಂದು ತಿಂಗಳೊಳಗೆ ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕಂತೆ. ಅದೇ ಕಾಯಿಲೆ ಆಗಿದ್ದರೆ ಆಪರೇಷನ್ನು, ಆಮೇಲೆ ಮದ್ದು. ಬೇಗ ಹೋದರೆ ವಾಸಿಯಾಗುತ್ತದೆ, ‘ಲೇಟ್ ಪಣ್ಣಾದೀಂಗಮ್ಮಾ’, ತಡ ಮಾಡಬೇಡಿ ಎಂದು ಎರಡು ಸಲ ಹೇಳಿ ಚೀಟಿ ಬರೆದುಕೊಟ್ಟರು. ಇವತ್ತಿಗೆ ಇಪ್ಪತ್ತು ದಿನವಾಯಿತು. ಗಂಟು ಈಗ ನೆಲ್ಲಿಕಾಯಿಯಷ್ಟಿದೆ.

ಹೋಗುವುದಕ್ಕೆ ಏನು ಅಡ್ಡಿ ಎಂದು ಕೇಳುತ್ತೀಯ. ಅಡ್ಡಿ ನಿಮ್ಮಪ್ಪನ ಸಾವು. ಅದು ಇನ್ನೂ ಬಂದಿಲ್ಲ, ಬರುವ ಸೂಚನೆಯೂ ಇಲ್ಲ, ಆದರೆ ಈ ಮನೆಯಲ್ಲಿ ನಮ್ಮಿಬ್ಬರಿಗಿಂತ ದೊಡ್ಡ ಜಾಗ ಅದಕ್ಕೇ ಸಿಕ್ಕಿದೆ. ನಿನ್ನ ತಾತ ಹೋದದ್ದು ಎಪ್ಪತ್ತನಾಲ್ಕಕ್ಕೆ. ನಿನ್ನ ದೊಡ್ಡಪ್ಪ ಶಿವಮಲ್ಲಪ್ಪ ಹೋದದ್ದೂ ಎಪ್ಪತ್ತನಾಲ್ಕಕ್ಕೆ. ನಿಮ್ಮಪ್ಪನಿಗೆ ಕಳೆದ ಕಾರ್ತೀಕಕ್ಕೆ ಎಪ್ಪತ್ತನಾಲ್ಕು ತುಂಬಿತು. ‘ಈ ಮನೆ ಗಂಡಸ್ರು ಇದ ದಾಟಲ್ಲ’ ಎಂದು ಅವತ್ತೇ ಹೇಳಿದರು, ಪಾಯಸ ಉಣ್ಣುತ್ತಾ. ಬರುವ ಕಾರ್ತೀಕದವರೆಗೆ ನಾನು ಅವರು ಕರೆದರೆ ಕೇಳುವಷ್ಟು ದೂರದಲ್ಲೇ ಇರಬೇಕು ಎಂಬುದು ಕಟ್ಟಪ್ಪಣೆ.

ಇದಕ್ಕೆ ಕಾರಣ ನಿನ್ನ ದೊಡ್ಡಪ್ಪ. ನೀನಾಗ ಹಾಸ್ಟೆಲಿನಲ್ಲಿದ್ದೆ, ನಿನಗೆ ಪೂರ್ತಿ ಹೇಳಿರಲಿಲ್ಲ. ಅವತ್ತು ನಿನ್ನ ದೊಡ್ಡಮ್ಮ ಬೊಮ್ಮಮ್ಮ ದೊಡ್ಡಗಾಜನೂರಿಗೆ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದರು. ನಿನ್ನ ದೊಡ್ಡಪ್ಪ ಬೆಳಿಗ್ಗೆ ಅಂಬಲಿ ಕುಡಿದು ಮಲಗಿದವರು ಹಾಗೆಯೇ ಹೋಗಿಬಿಟ್ಟರು. ದೊಡ್ಡಮ್ಮ ಸಂಜೆ ಬಸ್ಸಿಳಿದು ಬಂದು ನೋಡುವ ಹೊತ್ತಿಗೆ ಮೈ ಮರದ ಕೊರಡಾಗಿತ್ತು. ನಮ್ಮವರಲ್ಲಿ ಉಸಿರು ನಿಂತ ಕೂಡಲೇ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕೂರಿಸಬೇಕು, ಹೆಣ ಹೊರುವ ವಿಮಾನದಲ್ಲಿ ಕೂತೇ ಹೋಗಬೇಕು, ಗುಂಡಿಯಲ್ಲೂ ಕೈಯಲ್ಲಿ ಲಿಂಗ ಹಿಡಿದು ಕೂತೇ ಇರಬೇಕು. ಸೆಟೆದ ಮೇಲೆ ಕೂರಿಸುವುದು ಹೇಗೆ? ನಾಲ್ಕು ಜನ ಸೇರಿ ಬಿಸಿನೀರು ಹಾಕಿದರು, ಎಣ್ಣೆ ತಿಕ್ಕಿದರು, ಮೊಣಕಾಲು ಬಗ್ಗಿಸಲು ನೋಡಿದರು. ನಿಮ್ಮಪ್ಪ ಒಂದು ಕಾಲು ಹಿಡಿದಿದ್ದರು. ಆ ಕಾಲು ಲಟಕ್ ಎಂದಿತಂತೆ. ಐನೋರು ಸಾಕು ಬಿಡಿ ಎಂದರು. ಕೊನೆಗೆ ಅವರನ್ನು ಮಲಗಿಸಿಯೇ ಮಣ್ಣು ಮಾಡಿದ್ದು. ಆ ಕೇರಿಯ ಜನ ಬೊಮ್ಮಮ್ಮನನ್ನು ಸಾಯುವತನಕ ನಾಮಕರಣದ ಬೊಮ್ಮಮ್ಮ ಎಂದೇ ಆಡಿಕೊಂಡರು. ನಿಮ್ಮಪ್ಪ ಸಾವಿಗೆ ಹೆದರುವ ಗಂಡಸಲ್ಲ ಪದ್ದೀ. ಒಂಟಿಯಾಗಿ ಸತ್ತು ಸೆಟೆದುಕೊಳ್ಳುವುದಕ್ಕೆ ಹೆದರುತ್ತಾರೆ.

ಆದ್ದರಿಂದ ಎಲ್ಲ ತಯಾರಿ ನಡೆದಿದೆ. ನಡುಮನೆಯ ಗೋಡೆಗೆ ಕೂತವರ ತಲೆಯ ಎತ್ತರಕ್ಕೆ ಒಂದು ಗೂಟ ಹೊಡೆಸಿದ್ದಾರೆ. ಅದರಲ್ಲಿ ಒಗೆದ ಬಿಳಿ ಪಂಚೆಯ ಸೀಳು ನೇತಾಡುತ್ತಿದೆ, ಗಲ್ಲದ ಕೆಳಗಿಂದ ತಂದು ಗೂಟಕ್ಕೆ ಕಟ್ಟಬೇಕು, ತಲೆ ವಾಲಬಾರದು. ಪ್ರತಿ ಸೋಮವಾರ ಪೂಜೆಯಾದ ಮೇಲೆ ನನಗೆ ಇದರ ಪಾಠ. ಅವರು ಕಣ್ಣುಮುಚ್ಚಿ ಕೂರುತ್ತಾರೆ, ನಾನು ಕಟ್ಟಬೇಕು, ಆಮೇಲೆ ಅವರು ಕಣ್ಣುಬಿಟ್ಟು ‘ಗಂಟು ಸಡ್ಲ ಆಗ್ಬುಟ್ಟದೆ’ ಎಂದು ತಪ್ಪು ತೋರಿಸುತ್ತಾರೆ. ಸತ್ತವರು ತಪ್ಪು ತೋರಿಸುವುದನ್ನು ನಾನೊಬ್ಬಳೇ ನೋಡಿರಬೇಕು. ಮೊಣಕಾಲು ಮಡಚುವುದು ಅವರಿಗೆ ಈಗಲೇ ಕಷ್ಟ. ಅದಕ್ಕೆ ಬೆಳಿಗ್ಗೆ ಎದ್ದು ಹರಳೆಣ್ಣೆ ಹಚ್ಚಿಕೊಂಡು, ಕಾಲು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಅರ್ಧ ಗಂಟೆ ಕಸರತ್ತು ಮಾಡುತ್ತಾರೆ. ಅದರಿಂದ ಆರೋಗ್ಯ ಇನ್ನಷ್ಟು ಗಟ್ಟಿಯಾಗಿದೆ. ಹಗಲೆಲ್ಲ ಕಾಲು ಗಂಟೆಗೊಮ್ಮೆ ‘ಪುಟ್ಬಸೀ, ಎಲ್ಲಿದ್ದಯಾ?’ ಎಂಬ ಕೂಗು. ಬಚ್ಚಲಲ್ಲಿದ್ದರೂ ಓಗೊಡಬೇಕು. ಓಗೊಡುವುದು ಒಂದು ಗಳಿಗೆ ತಡವಾದರೆ ಬಾಗಿಲು ಬಡಿಯುತ್ತಾರೆ.

ಹೊಲದ ಮೂಲೆಯ ಹೊಂಗೆಮರದ ಹತ್ತಿರ ಮಾಘದಲ್ಲಿ ರಾಚನ ಕೈಲಿ ಗುಂಡಿಯನ್ನೂ ತೋಡಿಸಿದ್ದರು. ಮೂಡಲಿಗೆ ಮುಖ, ಬೆನ್ನಿಗೆ ಬೆಟ್ಟ, ಕಣ್ಣೆದುರಿಗೆ ಕೋಸಿನ ಹೊಲ, ತಾವೇ ಹುಡುಕಿದ ಜಾಗ. ‘ಬುದ್ದಿ, ಬದ್ಕಿರೋರ್ಗೆ ನಾ ಯಾವತ್ತೂ ತೋಡ್ದೋನಲ್ಲ’ ಎಂದು ರಾಚ ಕೈಮುಗಿದನಂತೆ, ಬಿಡಲಿಲ್ಲ. ಎಂಟನೇ ದಿನಕ್ಕೆ ಅದರೊಳಗೆ ಒಂದು ಕಾಡುಹಂದಿ ಬಿದ್ದು ಊರೆಲ್ಲ ಕೇಳುವಂತೆ ಕಿರುಚಿತು. ಫಾರೆಸ್ಟ್ ಗಾರ್ಡು ಬಂದ. ‘ಎದುಕ್ಕಯ್ಯಾ ಇಂದ ಕುಳಿ?’, ಈ ಗುಂಡಿ ಯಾತಕ್ಕಯ್ಯಾ ಎಂದು ಕೇಳಿದ್ದಕ್ಕೆ ನಿಮ್ಮಪ್ಪ ‘ನಂಗೇ ಕಣಪ್ಪ’ ಎಂದರು. ಆ ಮನುಷ್ಯ ಇವರ ಮುಖ ನೋಡಿದ, ನನ್ನ ಮುಖ ನೋಡಿದ, ಆನೆಮರಿ ಬಿದ್ದರೆ ಕಷ್ಟ, ಮುಚ್ಚಿಬಿಡಿ ಎಂದು ಹೇಳಿ ಹೋದ. ಹಂದಿ ಬಿದ್ದ ಗುಂಡಿ ಸಮಾಧಿಗೆ ಆಗುವುದಿಲ್ಲ, ಮುಚ್ಚಿ ಶುದ್ಧಿ ಮಾಡಿ ಹೊಸದಾಗಿ ತೋಡಬೇಕು ಎಂದು ಐನೋರೂ ಹೇಳಿದರು. ಮುಚ್ಚಿಸಿದರು. ಈಗ ಅಲ್ಲಿ ನಾಲ್ಕು ಕಲ್ಲು ನೆಟ್ಟಿದೆ ಅಷ್ಟೇ. ಹೇಳಿಕಳಿಸಿದ ದಿನ ಗುದ್ದಲಿ ಹಿಡಿದು ಬರಬೇಕೆಂದು ರಾಚನಿಗೆ ಅಪ್ಪಣೆಯಾಗಿದೆ.

ನಾನು ಸುಮ್ಮನೆ ಕೂತಿಲ್ಲ. ಕ್ಯಾಂಪಿನಿಂದ ಬಂದ ಮೇಲೆ ಮೂರು ಸಲ ಕೇಳಿದ್ದೇನೆ. ಮಗುವನ್ನು ನೋಡಬೇಕು ಅನ್ನಿಸುತ್ತದೆ, ಪದ್ದಿ ಮನೆಯಲ್ಲಿ ಹದಿನೈದು ದಿನ ಇದ್ದು ಬರುತ್ತೇನೆ ಎಂದೆ. ಕಾರ್ತೀಕ ಕಳೀಲಿ ಎಂದರು. ಹಲ್ಲುನೋವು, ಅಲ್ಲಿ ಒಳ್ಳೆ ಡಾಕ್ಟರಿದ್ದಾರೆ ಎಂದೆ. ಲವಂಗ ಕೊಟ್ಟರು. ನೀವೂ ಬನ್ನಿ, ಇಬ್ಬರೂ ಹೋಗೋಣ ಎಂದೆ. ‘ಬಸ್ನಾಗೇ ಪ್ರಾಣ ಓದ್ರೆ? ಘಾಟಿ ಇಳಿಯೋ ವೊತ್ಗೆ ಸೆಟ್ಕಂಡಿರ್ತೀನಿ’ ಎಂದರು. ಬಸ್ಸಿನಲ್ಲಾದರೆ ಹೇಗೂ ಕೂತೇ ಇರುತ್ತೀರಲ್ಲ ಎಂದೆ. ಅವರಿಗೆ ನಗು ಬರಲಿಲ್ಲ. ನನಗೆ ಬಂತು, ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ನಗುತ್ತಾ ನಗುತ್ತಾ ಅದು ಅಳುವಾಯಿತು.

ಯಾರೂ ನನ್ನನ್ನು ಕಟ್ಟಿಹಾಕಿಲ್ಲ, ಬಾಗಿಲಿಗೆ ಬೀಗವಿಲ್ಲ, ಎದ್ದು ಬಸ್ಸು ಹತ್ತುವುದಕ್ಕೇನು ಎಂದು ನೀನು ಸಿಟ್ಟಾಗುತ್ತೀಯ. ಹತ್ತಲು ಹೋಗಿದ್ದೆ ಪದ್ದೀ. ಕಳೆದ ಮಂಗಳವಾರ ಅವರು ಊಟ ಮಾಡಿ ಅಡ್ಡಾದಾಗ ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಸ್ಟಾಪಿನವರೆಗೆ ನಡೆದೆ. ಸತ್ಯಮಂಗಲದ ಬಸ್ಸು ಬಂತು, ನಿಂತಿತು, ಕಂಡಕ್ಟರು ಏರಮ್ಮಾ ಎಂದರು. ಆಗ ನನಗೆ ಬಂದ ಯೋಚನೆ ಏನು ಗೊತ್ತೇ? ನನ್ನ ಗಂಟಿನದ್ದಲ್ಲ. ಇವತ್ತೇ ಅವರು ಹೋಗಿಬಿಟ್ಟರೆ? ಒಂದು ಮುಷ್ಟಿ ವಿಭೂತಿ ಹಚ್ಚುವವರಿಲ್ಲದೆ ಆ ಮಂಚದ ಮೇಲೆ ಸೆಟೆದುಬಿಟ್ಟರೆ? ನಾನು ಇನ್ನೊಬ್ಬ ಬೊಮ್ಮಮ್ಮ ಆಗಿಬಿಟ್ಟರೆ? ಬಸ್ಸು ಹೋಯಿತು. ಮನೆಗೆ ಓಡೋಡಿ ಬಂದೆ. ಅವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಿ ನನಗೆ ಸಮಾಧಾನವಾಯಿತು, ಅದರ ಬೆನ್ನಿಗೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವರ ಭಯ ನನ್ನ ಮೈಗೂ ಹತ್ತಿಕೊಂಡಿದೆ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದರೆ ಹಾಗೆಯೇ ಆಗುತ್ತದೋ ಏನೋ.

ಗಂಟಿನ ವಿಷಯ ಅವರಿಗೇ ನೇರವಾಗಿ ಯಾಕೆ ಹೇಳಲಿಲ್ಲ ಎಂಬುದನ್ನೂ ಬರೆಯುತ್ತೇನೆ. ನಾಚಿಕೆ ಒಂದು. ಎದೆ ಎಂಬ ಮಾತನ್ನು ನಾನು ಅವರ ಮುಂದೆ ಇವತ್ತಿನವರೆಗೆ ಆಡಿಲ್ಲ. ಆದರೆ ನಿಜವಾದ ಕಾರಣ ಅದಲ್ಲ. ಹೇಳದೆ ಇರುವ ತನಕ, ಹೇಳಿದರೆ ಅವರು ತಕ್ಷಣ ಎದ್ದು ಗಾಡಿ ಮಾಡಿಸಿ ನನ್ನನ್ನು ಕರೆದುಕೊಂಡು ಹೋಗುತ್ತಾರೆ ಎಂದು ನಂಬಿಕೊಂಡಿರಬಹುದಲ್ಲ. ಹೇಳಿದ ಮೇಲೂ ಅವರು ಕಾರ್ತೀಕ ಕಳೀಲಿ ಎಂದರೆ ನಾನು ಯಾವ ಮುಖ ಇಟ್ಟುಕೊಂಡು ಅವರಿಗೆ ಮುದ್ದೆ ಇಕ್ಕಲಿ? ಅದೊಂದು ಭಯ. ಅವರು ಕೆಟ್ಟವರಲ್ಲ, ಅದು ನಿನಗೂ ಗೊತ್ತು. ನೀನು ತಾಳವಾಡಿಯ ಸ್ಕೂಲಿಗೆ ಹೋಗುವಾಗ ಮೂರು ವರ್ಷ ದಿನಾ ಬೆಳಿಗ್ಗೆ, ಆನೆ ದಾರಿಯಲ್ಲಿದ್ದರೂ, ತಮಟೆ ಹಿಡಿದುಕೊಂಡು ನಿನ್ನನ್ನು ಬಸ್ಸಿಗೆ ಬಿಟ್ಟುಬಂದವರು. ನಮ್ಮ ಕೇರಿಯಲ್ಲಿ ಹೆಣ್ಣುಮಗುವನ್ನು ಹಾಸ್ಟೆಲಿಗೆ ಕಳಿಸಿದ ಮೊದಲ ಗಂಡಸು. ಇಂಥವರ ಕೈಯಲ್ಲೇ ನಾನು ಉಸಿರು ಸಿಕ್ಕದೆ ಒದ್ದಾಡುತ್ತಿದ್ದೇನೆ ಎಂದು ಯಾರಿಗೆ ಹೇಳಿದರೆ ನಂಬುತ್ತಾರೆ? ಪರಿಮಳನಿಗೆ ಹೇಳಿದೆ. ಅವಳು ಕಡ್ಡಿ ಮುರಿದ ಹಾಗೆ ‘ನೀವ್ ಸತ್ರೆ ಬುದ್ದಿಗೆ ಗಂಟ್ ಕಟ್ಟೋರ್ಯಾರವ್ವ? ಅದ್ನಾದ್ರೂ ಯೋಳಿ’ ಎಂದಳು. ಅವಳು ಹೇಳಿದ್ದು ಸರಿ. ಅವರ ಇಡೀ ತಯಾರಿ ನಿಂತಿರುವುದು ನಾನು ಅವರಿಗಿಂತ ಒಂದು ದಿನವಾದರೂ ಹೆಚ್ಚು ಬದುಕುತ್ತೇನೆ ಎಂಬುದರ ಮೇಲೆ. ಅದೊಂದನ್ನು ಮಾತ್ರ ಅವರು ಯಾವತ್ತೂ ಯೋಚಿಸಿಲ್ಲ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಹೇಳಿಬಿಡುತ್ತೇನೆ. ಅವರಿಗೆ ಇಷ್ಟವೆಂದು ಅವರೆಕಾಳಿನ ಸಾರು ಮಾಡಿದ್ದೇನೆ. ಅವರು ಹೂಂ ಎಂದರೆ ಸೋಮವಾರ ನಾನೇ ಬಸ್ಸು ಹತ್ತಿ ಬರುತ್ತೇನೆ. ಒಂದು ಚಾಪೆ, ಒಂದು ಹೊದಿಕೆ ತೆಗೆದಿಡು, ಅಳಿಯಂದಿರಿಗೆ ನೀನೇ ಮೆಲ್ಲಗೆ ವಿಷಯ ತಿಳಿಸು. ನಾನು ಎದುರಿಗಿದ್ದಾಗ ಅವರು ಅದರ ಬಗ್ಗೆ ಏನೂ ಕೇಳಬಾರದು, ನನಗೆ ಮುಜುಗರವಾಗುತ್ತದೆ. ನೀನು ಎಲ್ಲ ಬಿಟ್ಟು ಓಡಿ ಬರಬೇಡ, ಮಗುವಿನ ಸ್ಕೂಲು ತಪ್ಪುತ್ತದೆ. ಹೇಗಾದರೂ ನಾನೇ ಹೊಂದಿಸಿಕೊಳ್ಳುತ್ತೇನೆ. ಪರಿಮಳ ನಾಲ್ಕು ಗಂಟೆಗೆ ಬರುತ್ತಾಳೆ, ಕಾಗದ ಅವಳ ಕೈಗೆ ಕೊಡುತ್ತೇನೆ. ನಾಳೆ ಬೆಳಿಗ್ಗೆ ಘಾಟಿಯ ಗೇಟು ತೆಗೆದ ಕೂಡಲೇ ಮಣಿಕಂಠ ಕೋಸು ಹೇರಿಕೊಂಡು ಕೊಯಮತ್ತೂರು ಮಾರ್ಕೆಟ್ಟಿಗೆ ಬರುತ್ತಾನೆ, ನಿನ್ನ ಕೈಗೇ ಮುಟ್ಟಿಸುತ್ತಾನೆ. ಅವನಿಗೆ ಒಂದು ಲೋಟ ಕಾಫಿ ಕೊಡು. ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕೂರಿಸಿ ಕೊಡು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಮಗುವಿಗೆ ಎರಡು ಕೆನ್ನೆಗೂ ನನ್ನ ಮುತ್ತು. ಮಾದಪ್ಪ ನಿಮ್ಮನ್ನೆಲ್ಲ ತಂಪಾಗಿ ಇಟ್ಟಿರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅವ್ವ,
ಪುಟ್ಟಬಸಮ್ಮ

ವಿ.ಸೂ.: ಪದ್ದೀ, ಪರಿಮಳ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೇಳಿದೆ. ಡಾಕ್ಟರ ಚೀಟಿಯನ್ನೂ ಕೊಟ್ಟೆ. ಅದನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ನೋಡಿದರು. ಆಮೇಲೆ ‘ವಾಸಿಯಾಗ್ದೆ ಓದ್ರೆ?’ ಎಂದರು. ಬೇಗ ಹೋದರೆ ಆಗುತ್ತದಂತೆ ಎಂದೆ, ಅದು ಅವರ ಕಿವಿಗೆ ಬೀಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನನ್ನನ್ನು ಕೂಗದೆ ಮನೆಯಿಂದ ಹೊರಗೆ ಹೋದದ್ದು ಎಷ್ಟೋ ತಿಂಗಳ ಮೇಲೆ ಇವತ್ತೇ. ಜೀಪು ಬಾಡಿಗೆಗೆ ಓಡಿಸುವ ಮಲ್ಲಪ್ಪನ ಮನೆಗೆ ಹೋದರು ಎಂದುಕೊಂಡು ನಾನು ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿದೆ. ಅವರು ಹೋದದ್ದು ರಾಚನ ಮನೆಗೆ, ಅಲ್ಲಿಂದ ಹೊಲಕ್ಕೆ. ಒಂದು ಗಂಟೆಯೊಳಗೆ ತಿರುಗಿ ಬಂದು ನನ್ನನ್ನು ಮಂಚದ ಮೇಲೆ ಕೂರಿಸಿ, ತಾವು ಕೆಳಗೆ ಕೂತು, ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ದಾರದಲ್ಲಿ ಪಾದ ಅಳೆದರು. ಗುಂಡಿಯ ಆಳ ಅಗಲ ಎಲ್ಲವೂ ಹೋಗುವವರ ಪಾದದ ಲೆಕ್ಕದಲ್ಲೇ ಅಲ್ಲವೇ. ನಲವತ್ತು ವರ್ಷದಲ್ಲಿ ಅವರು ನನ್ನ ಕಾಲು ಮುಟ್ಟಿದ್ದು ಇದೇ ಮೊದಲು. ಅಳುತ್ತಿದ್ದರು. ‘ಎದ್ರುಕೋಬ್ಯಾಡ ಪುಟ್ಬಸೀ, ನಂಗೇ ಅಂತ ಮಡಿಕ್ಕಂಡಿದ್ ಜಾಗ್ವ ನಿಂಗೇ ಬುಟ್ಕೊಟ್ಟಿವ್ನಿ’ ಎಂದರು. ಆಸ್ಪತ್ರೆ ಎಂಬ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಅವರ ಹತ್ತಿರ ಕೊಡಲಿಕ್ಕೆ ಅದಕ್ಕಿಂತ ದೊಡ್ಡದು ಇನ್ನೇನೂ ಇರಲಿಲ್ಲ, ಅದು ನನಗೆ ಗೊತ್ತು, ನೀನು ಬಂದು ಅವರ ಮೇಲೆ ಕೂಗಾಡಬೇಡ. ಆದರೆ ನನಗೆ ಬೇಡ. ನಾನು ಬದುಕಬೇಕು. ಮೇಲೆ ಬರಬೇಡ ಎಂದು ಬರೆದದ್ದನ್ನು ಹೊಡೆದುಹಾಕಿಕೊಂಡು ಓದು. ನಾಳೆ ಮಣಿಕಂಠನ ಗಾಡಿ ವಾಪಸ್ ಬರುವಾಗ ಅದರಲ್ಲೇ ಹತ್ತಿ ಬಂದು ನನ್ನನ್ನು ಕರೆದುಕೊಂಡು ಹೋಗು. ರಾಚ ಆಗಲೇ ಮೊಣಕಾಲುದ್ದ ತೋಡಿದ್ದಾನಂತೆ.